ಒಗೆಯುವ ಅಕ್ಕನ ಬೆರಳು

"ಅಮ್ಮನ್ನ ಪೊಲೀಸರು ಕರ್ಕೊಂಡು ಹೋದ್ರು ಸಾರ್! ಔಷಧಿ ಕದ್ದಳಂತೆ!"

ಬಂದವಳು ಹೊಸ್ತಿಲಲ್ಲೇ ಬಿಕ್ಕಿದಳು. ಅವಳ ತಾಯಿ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು, ಎಲ್ಲರ ಬಾಯಲ್ಲೂ 'ಅಕ್ಕ'. ಔಷಧಿಯ ಜೊತೆ ಒಗೆದ ಬಟ್ಟೆಯನ್ನೂ ಇಡುವ ದಾಸ್ತಾನು ಕೋಣೆಯಿಂದ ನೋವಿನ ಇಂಜೆಕ್ಷನ್ನಿನ ಡಬ್ಬಿ ಮಾಯವಾಗಿತ್ತು. ಆ ಬಾಗಿಲು ಬೆರಳಿಟ್ಟರೆ ಮಾತ್ರ ತೆರೆಯುತ್ತದೆ. ಹಿಂದಿನ ದಿನ ಮಧ್ಯಾಹ್ನ ಬಾಗಿಲು ತೆರೆದದ್ದು ಒಂದೇ ಸಲ, ಮೂರೂಕಾಲಿಗೆ, ಅಕ್ಕನ ಬೆರಳಿನಿಂದ ಎಂದು ಯಂತ್ರ ಹೇಳಿತ್ತು.

ಆ ಮನೆಯಲ್ಲಿದ್ದವರು ಅಣ್ಣ, ತಂಗಿ ಇಬ್ಬರೇ. ತಂಗಿ ಅಣ್ಣನ ಮುಖ ನೋಡಿದಳು. ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಮೂವತ್ತು ವರ್ಷ ಕಣ್ಣು ಸವೆಸಿ ನಿವೃತ್ತರಾದ ಅವರಿಗೆ ಬೀದಿಯವರಿಟ್ಟ ಹೆಸರು ಭೂತಗನ್ನಡಿ. ಮನೆಯಲ್ಲಿ ಕಾಲಬುಡದ ಚಪ್ಪಲಿ ಕಾಣದ ಮಹಾಶಯ ಆಗಲೇ ಅಂಗಿ ತೊಟ್ಟಾಗಿತ್ತು.

ಠಾಣೆಯಲ್ಲಿ ಅಕ್ಕನದು ಒಂದೇ ಮಾತು: "ನಾನು ಕದ್ದಿಲ್ಲ." ಮಿಕ್ಕಿದ್ದಕ್ಕೆ ತುಟಿ ಬಿಚ್ಚಲಿಲ್ಲ. ಭೂತಗನ್ನಡಿ ಅವಳ ಅಂಗೈ ಹಿಡಿದು ನೋಡಿದರು. ಬಟ್ಟೆ ಸೋಡಾ, ಬಿಸಿನೀರು ತಿಂದ ಬೆರಳುಗಳು ಗೆರೆ ಅಳಿಸಿ ನುಣ್ಣಗಾಗಿದ್ದವು. ಜೊತೆಗೆ ಬಂದಿದ್ದ ತಂಗಿಯೂ ಬಗ್ಗಿ ನೋಡಿದಳು.

ಆಸ್ಪತ್ರೆಯಲ್ಲಿ ಹಾಜರಿಗೂ ಬಾಗಿಲಿಗೂ ಒಂದೇ ಬೆರಳಿನ ದಾಖಲೆ. ಹಾಜರಿ ಪಟ್ಟಿಯಲ್ಲಿ ಅಕ್ಕನ ಹಾಜರಿ ದಿನವೂ ಬಟ್ಟೆ ಒಗೆಯುವವರ ಮೇಸ್ತ್ರಿಯ ಬೆನ್ನಿಗೇ ಬಿದ್ದಿತ್ತು. ಮೇಸ್ತ್ರಿ ರಜೆ ಹಾಕಿದ ಆರೂ ದಿನ ಅಕ್ಕನೂ ಗೈರು.

"ಸಂಜೆ ಡಬ್ಬಿ ಇಲ್ಲ ಅಂತ ಗೊತ್ತಾದಾಗ ಕೋಣೇಲಿ ಇನ್ನೇನು ಕಂಡಿರಿ?" ಭೂತಗನ್ನಡಿ ಔಷಧಿ ಗುಮಾಸ್ತನನ್ನು ಕೇಳಿದರು.

"ಏನಿಲ್ಲ ಸಾರ್. ಮೇಸ್ತ್ರಿ ದಿನಾ ಮಧ್ಯಾಹ್ನ ತಂದಿಡೋ ಒಗೆದ ಹೊದಿಕೆ, ಅವತ್ತಿಂದೂ ಕಪಾಟಿನಲ್ಲಿತ್ತು, ಅಷ್ಟೇ."

ಮರುದಿನ ಎಲ್ಲರೂ ಆ ಬಾಗಿಲ ಮುಂದೆ ಸೇರಿದರು.

"ಯಂತ್ರ ಸುಳ್ಳು ಹೇಳಲ್ಲ ಸಾರ್," ಎಂದರು ಇನ್ಸ್‌ಪೆಕ್ಟರ್.

"ಹೇಳಲ್ಲಪ್ಪ. ಕಲಿಸಿದ್ದನ್ನ ಒಪ್ಪಿಸುತ್ತೆ." ಭೂತಗನ್ನಡಿ ಅಕ್ಕನ ಹತ್ತೂ ಬೆರಳು ಇಡಿಸಿದರು. ಹತ್ತಕ್ಕೂ ಕೆಂಪು ದೀಪ.

"ಈ ಬೆರಳು ಹಿಡಿಯೋದೇ ಇಲ್ಲ. ಮತ್ತೆ ದಿನಾ ಹಾಜರಿ ಹಾಕಿದ್ದು ಯಾರು? ಮೇಸ್ತ್ರಿ ಬರದ ದಿನ ಅದೂ ಬಿದ್ದಿಲ್ಲ. ಮೊನ್ನೆ ಹೊದಿಕೆ ಒಳಗೆ ಬಂದಿದೆ, ಮೇಸ್ತ್ರಿ ಬೆರಳು ಬಂದಿಲ್ಲ. ಮೇಸ್ತ್ರಿ, ಬಲಗೈ ನಿಮ್ಮ ಹೆಸರಲ್ಲಿದೆ. ಎಡಗೈ ಇಡಿ ನೋಡೋಣ."

ಮೇಸ್ತ್ರಿ ಎಡಗೈ ಹೆಬ್ಬೆರಳಿಟ್ಟ. ಬಾಗಿಲು ತೆರೆಯಿತು. ಪರದೆಯ ಮೇಲೆ ಅಕ್ಕನ ಹೆಸರು.

"ಹಾಜರಿ ಇಲ್ಲದೆ ಇವಳ ಸಂಬಳ ಕತ್ತರಿಸಬಾರದು ಅಂತ ನಿಮ್ಮ ಬೆರಳನ್ನ ಇವಳ ಹೆಸರಲ್ಲಿ ಕೊಟ್ರಿ. ಅದು ಪುಣ್ಯದ ಕೆಲಸ. ಇದು?"

ಮೇಸ್ತ್ರಿ ಕೈಮುಗಿದ. "ಮನೆಯವಳಿಗೆ ಕ್ಯಾನ್ಸರ್ ಸಾರ್. ನೋವು ತಡೀಲಾರದೆ ಕಿರುಚ್ತಾಳೆ. ಬಲಗೈ ತುಂಬಾ ಹೊದಿಕೆ ಇತ್ತು, ದಿನಾ ಅಕ್ಕನ ಹಾಜರಿ ಹಾಕೋ ಅಭ್ಯಾಸಕ್ಕೆ ಎಡಗೈ ಇಟ್ಟುಬಿಟ್ಟೆ. ಅಕ್ಕನ್ನ ಹಿಡಿದಾಗ ಬಾಯಿ ಬರಲಿಲ್ಲ."

ಅಕ್ಕ ಅವನ ಎದುರು ಬಂದಳು. ಕಪಾಳಕ್ಕೆ ಬಾರಿಸುತ್ತಾಳೆ ಎಂದುಕೊಂಡಳು ತಂಗಿ. ಬಾರಿಸಿದ್ದರೂ ತಪ್ಪಿರಲಿಲ್ಲ.

"ಹಾಜರಿ ವಿಷಯ ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ಎರಡು ದಿನ ಬಾಯಿ ಕಟ್ಕೊಂಡಿದ್ದೆ ಕಣೋ," ಎಂದಳು ಅಕ್ಕ. ಆಮೇಲೆ ಆ ಸವೆದ ಕೈಯನ್ನು ಅವನ ಮುಂದೆ ಚಾಚಿದಳು.

"ಮನೆ ಬೀಗದ ಕೈ ಕೊಡು. ಅವಳೊಬ್ಬಳೇ ಇದ್ದಾಳೆ."