ಎಷ್ಟು ಪೆಟ್ಟಿಗೆ?

“ಏನ್ರೀ, ಇದು ರಸ್ತೆನೋ, ನಿಮ್ಮನೆ ಬೀರುನೋ?”

ಎಲ್ವೀರಾ ಬೆಚ್ಚಿ ತಿರುಗಿದಳು.

ಬಾಡಿಗೆಗೆ ತಂದಿದ್ದ ಪುಟ್ಟ ಬಿಳಿ ಕಾರು ಗಲ್ಲಿಯ ನಟ್ಟನಡುವೆ ನಿಂತಿತ್ತು. ಅದರ ಬಾಗಿಲಲ್ಲಿ ಅವಳ ಕೆಂಪು ಸೂಟ್‌ಕೇಸು ಸಿಕ್ಕಿಹಾಕಿಕೊಂಡಿತ್ತು. ಹೊರಗೂ ಬಾರದು, ಒಳಗೂ ಹೋಗದು! ಹಿಂದೆ ಒಂದು ಗೂಡ್ಸ್ ಆಟೊ, ಅದರ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ ಒಬ್ಬ ಯುವಕ. ಅದರಲ್ಲಿ ಊರಿನ ಬ್ಯಾಂಡಿನ ತುತ್ತೂರಿಗಳು, ಕಹಳೆಗಳು, ಕುರ್ಚಿಗಳು... ಎಲ್ಲದರ ಮೇಲೆ, ಗಾಡಿಗಿಂತ ದೊಡ್ಡದಾಗಿ ಕಾಣುವ ಒಂದು ಡೋಲು.

“ಸಿಕ್ಕೊಂಡಿರೋದು ಕಾಣಲ್ವಾ ನಿಮಗೆ?” ಎಂದಳು ಸಿಡುಕಿ.

“ಕಾಣ್ತಿದೆ. ಉತ್ತರದ ತೊರಿನೊ ಪಟ್ಟಣದಿಂದ ಬಂದಿರೋದೂ ಕಾಣ್ತಿದೆ.”

“ನಿಮಗೆ ಹೇಗೆ ಗೊತ್ತು?”

“ದೊನ್ನಾ ಪೀನಾ ವಾರದಿಂದ ಬೀದಿಗೆಲ್ಲ ಸಾರ್ತಿದಾರೆ. ‘ನನ್ನ ಕಾಲು ಮುರೀತು, ತಂಗಿ ಮಗಳು ನೋಡ್ಕೊಳ್ಳೋಕೆ ಬರ್ತಾಳೆ’ ಅಂತ. ಕಾಲು ಮುರಿದಿದ್ದಕ್ಕೆ ಅವರಿಗೆ ಖುಷಿನೇ ಆಗಿರೋ ಹಾಗಿದೆ!”

ಅವನು ಇಳಿದು ಬಂದ. ಸೂಟ್‌ಕೇಸಿನ ಹಿಡಿ ಮುಟ್ಟಲಿಲ್ಲ. ಕೆಳಗೊಂದು ಕೈ, ಪಕ್ಕಕ್ಕೊಂದು ಕೈ ಕೊಟ್ಟು, ಮಲಗಿದ ಮಗುವನ್ನು ಎತ್ತುವ ಹಾಗೆ ಮೆಲ್ಲಗೆ ತಿರುಗಿಸಿದ. ಅಷ್ಟೇ! ಅದು ತಾನಾಗಿ ಹೊರಗೆ ಬಂತು.

“ಎಳೀಬಾರದು. ತಿರುಗಿಸ್ಬೇಕು,” ಎಂದು ನಕ್ಕ.

ಆ ಕ್ಷಣದಲ್ಲಿ ಡೋಲನ್ನು ಯಾರು ಬಾರಿಸಿದರು ಎಂದು ಎಲ್ವೀರಾ ಹಿಂದೆ ನೋಡಿದಳು. ಯಾರೂ ಇರಲಿಲ್ಲ. ಆ ಸದ್ದು ಅವಳ ಎದೆಯೊಳಗಿಂದಲೇ ಬಂದಿತ್ತು...

*

ಅವನ ಹೆಸರು ಸಾರೊ. ಕೆಟ್ಟುಹೋದ ವಾದ್ಯಗಳನ್ನು ಸರಿಮಾಡುವುದು ಅವನ ಕಸುಬು, ಬ್ಯಾಂಡಿನಲ್ಲಿ ಡೋಲು ಬಾರಿಸುವುದು ಅವನ ಹುಚ್ಚು. ಇಡೀ ಬ್ಯಾಂಡನ್ನು ಒಂದೇ ಗೂಡ್ಸ್ ಆಟೊದಲ್ಲಿ ತುಂಬಿಸಬಲ್ಲ ಗಂಡಸು ಸಿಸಿಲಿಯಲ್ಲಿ ಇನ್ನೊಬ್ಬನಿಲ್ಲ ಎಂದು ಊರವರಿಗೆ ಅವನ ಮೇಲೆ ಹೆಮ್ಮೆ.

ಆ ಬೇಸಿಗೆ ಹೇಗೆ ಕಳೆಯಿತೋ ಎಲ್ವೀರಾಗೆ ತಿಳಿಯಲೇ ಇಲ್ಲ. ಬೆಳಗಾದರೆ ಬಾದಾಮಿ ಹಾಲನ್ನು ಹೆಪ್ಪುಗಟ್ಟಿಸಿ ಮಾಡಿದ ಮಂಜು, ಅದರಲ್ಲಿ ಅದ್ದಿ ತಿನ್ನಲು ಮೆತ್ತನೆಯ ಬನ್ನು. ಸಂಜೆಯಾದರೆ ದೊಡ್ಡಮ್ಮ ಪೀನಾಳನ್ನು ಕುರ್ಚಿ ಸಮೇತ ಎತ್ತಿಕೊಂಡು ಚೌಕಕ್ಕೆ ಒಯ್ಯಲು ಸಾರೊ ಹಾಜರು. ದೊಡ್ಡಮ್ಮ ಗೆಳತಿಯರೊಂದಿಗೆ ಹರಟೆಗೆ ಕೂತರೆ ಇವರಿಬ್ಬರು ಇಗರ್ಜಿಯ ಮೆಟ್ಟಿಲ ಮೇಲೆ. ಎದುರಿಗೆ ಹೊಗೆಯಾಡುವ ಜ್ವಾಲಾಮುಖಿ ಬೆಟ್ಟ. ಅದು ಒಮ್ಮೊಮ್ಮೆ ಮನಸ್ಸು ಬಂದಾಗ ಉಗುಳುತ್ತಿದ್ದ ಕರಿಮರಳು ಚಾವಣಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಅವಳ ಕೂದಲ ಮೇಲೆ ಮೆತ್ತಗೆ ಉದುರುತ್ತಿತ್ತು. ಅವನು ಊದಿ ಹಾರಿಸುತ್ತಿದ್ದ. ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮರಳೆಲ್ಲ ಹಾರಿಹೋದ ಮೇಲೂ ಇನ್ನಷ್ಟು ಹೊತ್ತು ಮುಚ್ಚಿಕೊಂಡೇ ಇರುತ್ತಿದ್ದಳು, ಕಳ್ಳಿ!

ಪ್ರತಿದಿನ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಯಾರೋ ಕಾರಿನ ಮೇಲಿನ ಕರಿಮರಳನ್ನು ಗುಡಿಸಿಟ್ಟಿರುತ್ತಿದ್ದರು. ಯಾರೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಎಲ್ಲ ಹೀಗೇ... ಹೇಳದೆಯೇ ನಡೆಯಿತು. ದೊಡ್ಡಮ್ಮ ಕೋಲೂರಿ ನಡೆಯುವಂತಾದಳು. ತೊರಿನೊದಲ್ಲಿ ಎಲ್ವೀರಾ ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಫೋನ್ ಬಂತು, ರಜೆ ಮುಗಿಯಿತೆಂದು.

ನಿನ್ನೆ ಸಂಜೆ ಅದೇ ಮೆಟ್ಟಿಲ ಮೇಲೆ ಅವಳು ಧೈರ್ಯ ಮಾಡಿ ಹೇಳಿದಳು. “ಸಾರೊ... ನಾಳೆ ಹೊರಡ್ತೀನಿ.”

ಅವನು ಮೆಟ್ಟಿಲ ಮೇಲಿನ ಕರಿಮರಳನ್ನು ಬೆರಳಿಂದ ಗುಡಿಸತೊಡಗಿದ.

ಹೋಗಬೇಡ ಅನ್ನು. ಒಂದೇ ಒಂದು ಸಲ ಅನ್ನು... ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು.

ಕೊನೆಗೆ ಅವನು ಬಾಯಿಬಿಟ್ಟ.

“ಎಷ್ಟು ಪೆಟ್ಟಿಗೆ?”

ಎಷ್ಟು ಪೆಟ್ಟಿಗೆ!! ಎಲ್ವೀರಾ ಎದ್ದು ದಡದಡನೆ ನಡೆದುಬಿಟ್ಟಳು. ರಾತ್ರಿ ದಿಂಬು ಒದ್ದೆಯಾಯಿತು. ದಿನವೂ ಹತ್ತಾರು ಜನರ ಕಣ್ಣು ಪರೀಕ್ಷೆ ಮಾಡುವ ಹುಡುಗಿ, ಆ ಒಬ್ಬನ ಕಣ್ಣಲ್ಲಿ ಏನಿತ್ತೆಂದು ಮಾತ್ರ ತಿರುಗಿ ನೋಡಲೇ ಇಲ್ಲ.

*

ಈಗ ಮಧ್ಯಾಹ್ನ. ಕತಾನಿಯಾ ಪಟ್ಟಣದಲ್ಲಿ ಕಾರನ್ನು ವಾಪಸ್ ಕೊಟ್ಟು ಅವಳು ಸಂಜೆಯ ರೈಲು ಹಿಡಿಯಬೇಕು. ಸಾರೊ ಕರೆಯದೆಯೇ ಬಂದಿದ್ದ. ಗೂಡ್ಸ್ ಆಟೊ ಪಕ್ಕಕ್ಕೆ ನಿಲ್ಲಿಸಿ, ತೋಳು ಮಡಚಿ, ಕಾರಿನ ಮುಂದೆ ನಿಂತಿದ್ದ.

ಆ ಪುಟ್ಟ ಕಾರನ್ನು ಅಲ್ಲಿಯವರು ‘ಐನೂರು’ ಎನ್ನುತ್ತಾರೆ. ಹೆಸರಷ್ಟೇ ದೊಡ್ಡದು. ಎರಡು ಬಾಗಿಲು, ಹಿಂದೆ ಮಕ್ಕಳಿಗೂ ಇರುಕಾಗುವ ಸೀಟು, ಡಿಕ್ಕಿ ಎನ್ನಲು ನಾಚಿಕೆಯಾಗುವಂಥ ಡಿಕ್ಕಿ. ಬರುವಾಗ ಅವಳ ಬಳಿ ಇದ್ದದ್ದು ಕೆಂಪು ಸೂಟ್‌ಕೇಸೊಂದೇ. ಹೋಗುವಾಗ ದೊಡ್ಡಮ್ಮನ ಪ್ರೀತಿ ಜೊತೆಗೆ ಹೊರಟಿತ್ತು. ಟೊಮೆಟೊ ಗೊಜ್ಜಿನ ಬಾಟಲಿಗಳ ರಟ್ಟಿನ ಡಬ್ಬ, ಚೀಸ್ ಬುಟ್ಟಿ, ಪಿಸ್ತಾ ತುಂಬಿದ ಚೀಲ... ಜೊತೆಗೆ ಬೆಲ್ಟು ಬಿಗಿದ ಒಂದು ಹಳೆಯ ಕಂದು ಪೆಟ್ಟಿಗೆ.

ಆ ಕಂದು ಪೆಟ್ಟಿಗೆ ದೊಡ್ಡಮ್ಮನ ಮದುವೆ ಪೆಟ್ಟಿಗೆ. ಹೊದಿಕೆ, ದಿಂಬಿನ ಚೀಲ, ಮೇಜಿನ ಬಟ್ಟೆ, ಎಲ್ಲದರ ಅಂಚಿಗೂ ಅವಳೇ ಕಸೂತಿ ಹಾಕಿದ್ದಳು. ಮದುವೆ ಮಾತ್ರ ಆಗಲಿಲ್ಲ. ಯಾಕೆಂದು ಯಾರಿಗೂ ಹೇಳಿದವಳಲ್ಲ. “ನನಗಂತೂ ಆಗ್ಲಿಲ್ಲ, ನಿನಗಾದ್ರೂ ಆಗ್ಲಿ,” ಎಂದು ಕೊಟ್ಟಿದ್ದಳು.

“ಮೊದಲು ಬಾಟಲಿ!” ಬಾಲ್ಕನಿಯಿಂದ ದೊಡ್ಡಮ್ಮನ ಅಪ್ಪಣೆ.

“ಬಾಟಲಿ ಕೊನೆಗೆ, ದೊನ್ನಾ ಪೀನಾ. ಒಡೆದ್ರೆ ಕಾರಿಗೂ ಗೊಜ್ಜು, ನನಗೂ ಗೊಜ್ಜು.”

“ಒಡೆದು ನೋಡು, ಕೋಲು ಇದೆ!”

ಅವನು ತುಂಬಿಸಿದ. ತಿರುಗಿಸಿದ. ಹಿಂದಿನ ಸೀಟು ಮಡಚಿ ಮತ್ತೆ ತುಂಬಿಸಿದ. ಪ್ರತಿಸಲವೂ ಕಂದು ಪೆಟ್ಟಿಗೆ ಹೊರಗೇ ಉಳಿಯಿತು.

“ಮುಂದಿನ ಸೀಟ್ ಮೇಲೆ ಇಡು,” ಎಂದಳು ಎಲ್ವೀರಾ. ದನಿ ಬಿಗಿಯಾಗಿತ್ತು.

“ಅಲ್ಲಿ ಬೇಡ.”

“ಯಾಕೆ?”

“ಬೇಡ ಅಂದ್ನಲ್ಲ.”

ಮತ್ತೆ ಎಲ್ಲವನ್ನೂ ಇಳಿಸಿದ. ಮತ್ತೆ ಏರಿಸಿದ. ಹಣೆಯ ಬೆವರಿಗೆ ಕರಿಮರಳು ಅಂಟಿತ್ತು. ಬೆಟ್ಟ ಇವತ್ತು ಬೆಳಗಿನಿಂದಲೂ ನಿದ್ದೆಯಲ್ಲಿ ಬಡಬಡಿಸುವ ಹಾಗೆ ಸಣ್ಣಗೆ ಗೊಣಗುತ್ತಿತ್ತು.

ಎಷ್ಟೊಂದು ಆತುರ ಇವನಿಗೆ ನನ್ನನ್ನು ಸಾಗಹಾಕಲು! ಎಂದುಕೊಂಡಳು.

“ಇಡೀ ಬ್ಯಾಂಡ್ ತುಂಬಿಸೋನು ನೀನು! ಐದು ಸಾಮಾನು ಹಿಡಿಸೋಕಾಗಲ್ವಾ?”

“ಹಿಡಿಸುತ್ತೆ. ಸ್ವಲ್ಪ ತಾಳು.”

“ನನಗೆ ತಾಳೋಕಾಗಲ್ಲ, ಸಾರೊ! ಇನ್ನು ತಾಳೋಕಾಗಲ್ಲ...”

ಅವಳೇ ಕಂದು ಪೆಟ್ಟಿಗೆಯನ್ನು ಎತ್ತಿ ಮುಂದಿನ ಸೀಟಿಗೆ ಧೊಪ್ಪನೆ ಹಾಕಿದಳು. ಅವನು ಅದನ್ನು ತೆಗೆದು ಕೆಳಗಿಟ್ಟ. ಅವಳು ಮತ್ತೆ ಹಾಕಿದಳು. ಅವನು ಮತ್ತೆ ತೆಗೆದ.

“ಯಾರಿಗೆ ಕಾದಿರಿಸಿದ್ದೀಯಾ ಈ ಸೀಟನ್ನ?! ಯಾವ ಮಹಾರಾಣಿ ಬರ್ತಾಳೆ?” ಎಲ್ವೀರಾಳ ಕಣ್ಣು ತುಂಬಿ ಹರಿಯಿತು.

ಸಾರೊ ಗೂಡ್ಸ್ ಆಟೊದ ಬಳಿ ಹೋಗಿ ಒಂದು ಸಣ್ಣ ಬಟ್ಟೆಯ ಬ್ಯಾಗು ತಂದ. ಅದರ ಜಿಪ್ಪು ಪೂರ್ತಿ ಹಾಕಿರಲಿಲ್ಲ. ಡೋಲಿನ ಕೋಲು ಹೊರಗೆ ಇಣುಕುತ್ತಿತ್ತು.

“ಇದೊಂದೇ,” ಎಂದ ತಲೆತಗ್ಗಿಸಿ. “ಇದನ್ನ ತೊಡೆ ಮೇಲೆ ಇಟ್ಕೋತೀನಿ. ಜಾಸ್ತಿ ಜಾಗ ಬೇಡ.”

ಎಲ್ವೀರಾ ಒಮ್ಮೆ ಬ್ಯಾಗನ್ನು, ಒಮ್ಮೆ ಅವನ ಮುಖವನ್ನು ನೋಡಿದಳು.

“ತೊರಿನೊದಲ್ಲಿ ನನ್ನ ಸೋದರಮಾವನ ಮಗ ಇದಾನೆ. ವಾದ್ಯ ರಿಪೇರಿ ಅಂಗಡಿ. ಎರಡು ವರ್ಷದಿಂದ ಕರೀತಿದಾನೆ, ಹೋಗೋಕೆ ನನಗೆ ಕಾರಣ ಇರ್ಲಿಲ್ಲ. ಟಿಕೆಟ್ ತಗೊಂಡಿದೀನಿ... ನಿನ್ನ ಬೋಗೀಲಲ್ಲ. ಬೇರೆ ಬೋಗಿ. ನೀನು ಬೇಡ ಅಂದ್ರೆ ನಿನಗೆ ಮುಜುಗರ ಆಗ್ಬಾರ್ದಲ್ಲ.”

“ಮತ್ತೆ ನಿನ್ನೆ... ‘ಎಷ್ಟು ಪೆಟ್ಟಿಗೆ’ ಅಂತ...”

“ಜಾಗ ಇದ್ಯಾ ಅಂತ ತಿಳ್ಕೊಳ್ಳೋದು ಬೇಡ್ವಾ? ಜಾಗ ಮಾಡಿ ಆಮೇಲೆ ಕೇಳೋಣ ಅಂದ್ಕೊಂಡೆ. ನನಗೆ ಸಾಮಾನು ಜೋಡಿಸೋಕೆ ಬರುತ್ತೆ, ಎಲ್ವೀರಾ. ಮಾತು ಜೋಡಿಸೋಕೆ ಬರಲ್ಲ.”

ದಡ್ಡ! ಮುದ್ದು ದಡ್ಡ! ಅವಳು ಅಳುತ್ತಲೇ ನಕ್ಕಳು. ಆದರೆ ಮರುಕ್ಷಣವೇ ಅವಳ ನೋಟ ಕೆಳಗಿದ್ದ ಕಂದು ಪೆಟ್ಟಿಗೆಯ ಮೇಲೆ ಬಿತ್ತು. ದೊಡ್ಡಮ್ಮನ ಇಡೀ ಹರೆಯ ಅದರೊಳಗೆ ಮಡಚಿಟ್ಟಿತ್ತು. ಅದನ್ನು ಬಿಟ್ಟು ಹೋಗುವುದಾದರೂ ಹೇಗೆ?

ಸಾರೊಗೂ ಅರ್ಥವಾಯಿತು. “ಪೆಟ್ಟಿಗೆ ಹೋಗ್ಲಿ,” ಎಂದ ಮೆಲ್ಲಗೆ. “ಆಟೊ ಬ್ಯಾಂಡಿಗೆ ಬಿಟ್ಟು ಹೋಗ್ಬೇಕು, ನಾನು ಬಸ್ಸಲ್ಲಿ ಸ್ಟೇಷನ್ನಿಗೆ ಬರ್ತೀನಿ. ರೈಲು ಸಿಕ್ಕಿಲ್ಲ ಅಂದ್ರೆ ಮುಂದಿನ ವಾರ...”

ಬಾಲ್ಕನಿಯ ಕಂಬಿಗೆ ಕೋಲು ಠಣ್ಣನೆ ಬಡಿಯಿತು.

“ಲೇ ಕತ್ತೆಗಳಾ!”

ಇಬ್ಬರೂ ಮೇಲೆ ನೋಡಿದರು. ದೊಡ್ಡಮ್ಮನ ಮುಖ ಕೆಂಪಾಗಿತ್ತು.

“ನಾನ್ಯಾಕೆ ಮದುವೆ ಆಗ್ಲಿಲ್ಲ ಗೊತ್ತೇನೇ ನಿಂಗೆ? ಇದೇ ಗಲ್ಲೀಲಿ, ಇಂಥದೇ ಐನೂರು ತಂದು ನಿಲ್ಲಿಸಿದ್ದ ನಾನು ಮೆಚ್ಚಿದ ಹುಡುಗ. ಓಡಿಹೋಗೋಣ ಅಂತ ಮಾತಾಗಿತ್ತು. ಒಂದು ರಾತ್ರಿ ಹೊರಗೆ ಕಳೆದು ಬಂದ್ರೆ ಸಾಕು, ಬೆಳಗಾದ್ರೆ ಮದುವೆ ಮಾಡ್ಸೋಕೆ ಅಪ್ಪನೇ ಪಾದ್ರಿ ಹತ್ರ ಓಡ್ಬೇಕಾಗಿತ್ತು, ಆಗಿನ ಕಾಲ ಹಾಗಿತ್ತು. ನಾನು ಏನು ಮಾಡಿದೆ? ಈ ಪೆಟ್ಟಿಗೆ ಬಿಟ್ಟು ಬರಲ್ಲ ಅಂದೆ! ಅದು ಕಾರೊಳಗೆ ಹೋಗ್ಲಿಲ್ಲ. ನೂಕಿದ್ವಿ, ಎಳೆದ್ವಿ, ಜಗಳ ಆಡಿದ್ವಿ... ಅಷ್ಟರಲ್ಲಿ ಅಪ್ಪ ಎದ್ದ. ಆ ಹುಡುಗ ಆ ಚಳಿಗಾಲದಲ್ಲೇ ಪರದೇಶಕ್ಕೆ ಹಡಗು ಹತ್ತಿದ.”

ಕರಿಮರಳು ಕಾರಿನ ಮೇಲೆ ಸಣ್ಣಗೆ ಉದುರುತ್ತಿತ್ತು.

“ಗಂಡಿಲ್ದೆ ಹೊದಿಕೆ ಇಟ್ಕೊಂಡು ನಾನೇನು ಮಾಡ್ದೆ? ನುಸಿಗುಳಿಗೆ ಹಾಕ್ದೆ, ವರ್ಷವರ್ಷ!” ಅವಳು ಕೋಲನ್ನು ಕಾರಿನತ್ತ ಚಾಚಿದಳು. “ಪೆಟ್ಟಿಗೆ ಅಲ್ಲೇ ಬಿಡು, ಎಲ್ವೀರಾ. ಅವನನ್ನ ಹತ್ತಿಸ್ಕೋ.”

“ದೊಡ್ಡಮ್ಮಾ...”

“ಅಳೋದು ಆಮೇಲೆ. ರೈಲು ನಿಂಗೋಸ್ಕರ ಕಾಯಲ್ಲ!”

ಎಲ್ವೀರಾ ಕಣ್ಣೊರೆಸಿಕೊಂಡು ಕಂದು ಪೆಟ್ಟಿಗೆಯನ್ನು ಎತ್ತಿದಳು. ಎಳೆಯಲಿಲ್ಲ. ಅವನು ಕಲಿಸಿದ ಹಾಗೆ ಕೆಳಗೊಂದು ಕೈ, ಪಕ್ಕಕ್ಕೊಂದು ಕೈ ಕೊಟ್ಟು ಮೆಲ್ಲಗೆ ಮನೆಯ ಹೊಸ್ತಿಲೊಳಗೆ ಇಟ್ಟಳು. ಬೆಲ್ಟು ಬಿಚ್ಚಿ ಒಂದು ದಿಂಬಿನ ಚೀಲ ಮಾತ್ರ ತೆಗೆದು, ಮಡಚಿ, ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ಅಷ್ಟಕ್ಕೆ ಜಾಗವಿತ್ತು.

ಆಮೇಲೆ ಬಂದು ಮುಂದಿನ ಬಾಗಿಲನ್ನು ಅವಳೇ ತೆರೆದು ಹಿಡಿದಳು.

“ಕೂತ್ಕೊಳ್ಳಿ, ಮಹಾರಾಣಿಯವರೇ.”

ಸಾರೊ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ ಕೂತ. ತೊಡೆಯ ಮೇಲೆ ಬ್ಯಾಗು, ಅದರ ಮೇಲೆ ಪಿಸ್ತಾ ಚೀಲ, ಬೆನ್ನಿಗೆ ಚೀಸ್ ಬುಟ್ಟಿಯ ಚೂಪು ಮೂಲೆ. ಮುಖದಲ್ಲಿ ಮಾತ್ರ ಜಗತ್ತಿನಲ್ಲಿ ಇದಕ್ಕಿಂತ ವಿಶಾಲವಾದ ಜಾಗವೇ ಇಲ್ಲ ಎಂಬ ಕಳೆ.

ಕಾರು ಹೊರಟಿತು. ಹಿಂದಿನಿಂದ ದೊಡ್ಡಮ್ಮನ ಕೂಗು ಇಡೀ ಬೀದಿಗೆ ಕೇಳಿಸಿತು.

“ಇವತ್ತೇ ವಾಪಸ್ ಬಂದ್ಬಿಟ್ರೆ ಓಡಿಹೋದ ಲೆಕ್ಕ ಅಲ್ಲ! ತಿಳೀತಾ?”

ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಎಲ್ವೀರಾ ನಾಚಿಕೊಂಡು ಗೇರು ಬದಲಿಸಲು ಕೈ ಚಾಚಿದಳು. ಅಲ್ಲಿ ಆಗಲೇ ಅವನ ಕೈ ಇತ್ತು. ಬೇರೆಲ್ಲೂ ಇಡಲು ಜಾಗವಿರಲಿಲ್ಲ, ಪಾಪ!

ಇಳಿಜಾರಿನಲ್ಲಿ ದೂರದ ಕಡಲು ಕಾಣಿಸಿಕೊಂಡಿತು. ಮಸುಕು ಬೆಳಕಿನಲ್ಲಿ ಅದು ಆಕಾಶವೋ ನೀರೋ ಎಂದು ತಿಳಿಯುವಂತಿರಲಿಲ್ಲ.

“ಸಾರೊ...”

“ಹೂಂ?”

“ನಿನ್ನೆ ಕೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಕೇಳು.”

ಅವನು ಅವಳ ಕಡೆ ತಿರುಗಲು ನೋಡಿದ. ಬಾಟಲಿಗಳು ಕಿಣಿಕಿಣಿ ಎಂದವು.

“ಎಷ್ಟು ಪೆಟ್ಟಿಗೆ?”

“ಒಂದು ಕಡಿಮೆ,” ಎಂದಳು ಎಲ್ವೀರಾ. “ಜಾಗ ಇದೆ... ಬಾ.”