ಬಾಯಿ ಹೊಲಿಯುವ ಮಲ್ಲಾಜಿ

ನೂಲುಪಟ್ಟಣದ ಅರಸು ತನ್ನ ಕೈಯಾರೆ ನನಗೆ ವೀಳ್ಯ ಕೊಟ್ಟಿದ್ದಾನೆ. ನೋಡಿದವರು ಏಳು ಜನ. ಏಳೂ ಜನ ಈಗಿಲ್ಲ. ಹಾಗಾಗಿ ಈ ಕತೆ ಹೇಳುವ ಹಕ್ಕು ನನ್ನೊಬ್ಬನದು.

ಬಹುಕಾಲದ ಹಿಂದೆ ಆ ರಾಜ್ಯದಲ್ಲಿ ಕಲ್ಲಿರಲಿಲ್ಲ, ಮಣ್ಣಿರಲಿಲ್ಲ. ನೆಲ, ಗೋಡೆ, ಕೋಟೆ ಎಲ್ಲವೂ ನೇಯ್ದದ್ದೇ. ಗಟ್ಟಿತನಕ್ಕೆ ಹುರಿ, ಹಿಗ್ಗಿ ಕುಗ್ಗುವುದಕ್ಕೆ ಜಗ್ಗುನೂಲು, ಎರಡನ್ನೂ ಹಿಡಿದಿಡಲು ಗಂಜಿ. ಕಾಯುವವರು ಬಿಳಿಯಂಗಿಯ ಬಂಟರು. ಅವರ ಬಳಿ ಮೂರು ಮಾಯಾಮೃಗಗಳು. ಒಂದು ಹುರಿ ಕಡಿಯುವುದು, ಒಂದು ಜಗ್ಗುನೂಲು ತಿನ್ನುವುದು, ಒಂದು ಗಂಜಿ ನೆಕ್ಕುವುದು. ವೈರಿ ಬಂದರೆ ಗೋಡೆ ಸೀಳಿ ಬಂಟರಿಗೆ ದಾರಿ ಮಾಡುವುದು ಅವುಗಳ ಕೆಲಸ. ಕೆಲಸವಿಲ್ಲದಾಗ ಬಾಯಿ ಹೊಲಿದಿಡಬೇಕು. ಹೊಲಿಯುವವಳು ಮಲ್ಲಾಜಿ.

ಒಂದು ದಿನ ಕೀವಾಸುರನೆಂಬ ಮಾಂತ್ರಿಕ ಮುಳ್ಳಿನ ಮೇಲೆ ಕೂತು ಕೋಟೆ ಹೊಕ್ಕ. ಊರು ಕೆಂಪಾಯಿತು, ಬಿಸಿಯಾಯಿತು, ಬಾತುಕೊಂಡಿತು. ಬಂಟರು ಹೊಲಿಗೆ ಬಿಚ್ಚಿದರು. ಮೃಗಗಳು ಗೋಡೆ ಸೀಳಿದವು. ಬಂಟರು ನುಗ್ಗಿ ಮಾಂತ್ರಿಕನನ್ನು ಕೊಂದರು, ತಾವೂ ಅಲ್ಲೇ ಸತ್ತರು.

ಮೃಗಗಳು ಮಾತ್ರ ತಿನ್ನುತ್ತಲೇ ಹೋದವು.

"ಸಾಕು, ನಿಲ್ಲಿ!" ಎಂದು ಅರಸು ಕೂಗಿದ.

"ಅವಕ್ಕೆ ಕಿವಿ ಇಲ್ಲ, ಬುದ್ಧಿ. ಬಾಯಿ ಒಂದೇ," ಎಂದಳು ಮಲ್ಲಾಜಿ.

"ಹಾಗಾದರೆ ಹೊಲಿಯೇ! ನೋಡ್ತಾ ನಿಂತೀಯಲ್ಲ!"

"ತೆರೆದ ಬಾಯಿಗೆ ಸೂಜಿ ಹಾಕಿದರೆ ಕೈ ಉಳಿಯುತ್ತಾ? ಮೊದಲು ಏನಾದರೂ ಕಚ್ಚಿಸಬೇಕು."

ಅವಳಿಗೂ ಅವಸರವಿತ್ತು. ಮುಂದಿನ ಗೋಡೆಗೆ ಅವಳ ಮಗುವಿನ ತೊಟ್ಟಿಲು ಕಟ್ಟಿತ್ತು. ಕೆಳಗೆ ಪಾತಾಳ.

ಮೊದಲ ಮೃಗದ ಮುಂದೆ ಹುರಿಯ ಗಂಟೊಂದನ್ನು ಎಸೆದಳು. ಕಚ್ಚಿತು, ಹಲ್ಲು ಸಿಕ್ಕಿಕೊಂಡಿತು, ಹೊಲಿದಳು.

ಎರಡನೆಯದರ ಮುಂದೆ ಜಗ್ಗುನೂಲಿನ ಉಂಡೆ ಎಸೆದಳು. ಕಚ್ಚಿತು, ದವಡೆಗೆ ಸುತ್ತಿಕೊಂಡಿತು, ಹೊಲಿದಳು.

ಮೂರನೆಯದು ತೊಟ್ಟಿಲ ಗೋಡೆಯನ್ನೇ ನೆಕ್ಕುತ್ತಿತ್ತು. ಎಳೆಗಳು ಒಂದೊಂದಾಗಿ ಬಿಟ್ಟುಕೊಂಡವು, ತೊಟ್ಟಿಲು ವಾಲಿತು. ಅವಳ ಕೈಯಲ್ಲಿ ಎಸೆಯಲು ಏನೂ ಉಳಿದಿರಲಿಲ್ಲ. ತನ್ನ ಜಡೆಯನ್ನೇ ಗೋಡೆಯಿಂದ ಸೋರುತ್ತಿದ್ದ ಗಂಜಿಯಲ್ಲಿ ಅದ್ದಿ ಬಾಯಿಗೆ ಒಡ್ಡಿದಳು. ನೆಕ್ಕಿತು, ನಾಲಿಗೆ ಅಂಟಿಕೊಂಡಿತು, ಜಡೆ ಸಮೇತ ಹೊಲಿದಳು. ಆಮೇಲೆ ಕುತ್ತಿಗೆಯ ಹತ್ತಿರ ಜಡೆ ಕತ್ತರಿಸಿಕೊಂಡು ಓಡಿ, ಕಳಚುತ್ತಿದ್ದ ತೊಟ್ಟಿಲನ್ನು ಎದೆಗೆ ತಬ್ಬಿದಳು. ಮಗು ಎದ್ದಿರಲೂ ಇಲ್ಲ.

ನೇಕಾರರು ಗೋಡೆಗಳನ್ನು ಮತ್ತೆ ನೇಯ್ದರು. ಹೊಸ ನೇಯ್ಗೆ ಕೊಂಚ ಒರಟು, ಮೊದಲಿನಷ್ಟು ಹಿಗ್ಗದು, ಆದರೆ ನಿಂತಿತು. ಊರ ಬಾವು ಇಳಿಯಿತು. ಅದೇ ಸಂಜೆ ರಾಣಿ ಮಲ್ಲಾಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊಣಕಾಲು ಮುಟ್ಟುವ ಅವಳ ಜಡೆಗೆ ಎಂಟು ಮಾರು ಮಲ್ಲಿಗೆ ಮುಡಿಸಿದಳು. ಅಲ್ಲಿಂದಾಚೆಗೆ ಎಲ್ಲರೂ ಉಂಡು, ನಕ್ಕು, ನೆಮ್ಮದಿಯಾಗಿ...

"ಜಡೆ ಕತ್ತರಿಸಿಕೊಂಡಳು ಅಂದ್ಯಲ್ಲ, ದೊಡ್ಡಪ್ಪ?" ಎಂದಳು ಅಕ್ಕಿ ಆರಿಸುತ್ತ ಕೂತಿದ್ದ ನನ್ನ ತಮ್ಮನ ಮಗಳು ಪುಟ್ಟನಂಜಿ.

ನಾನು ಭುಜ ಕುಣಿಸಿದೆ.

"ಬಲು ಬೇಗ ಬೆಳೆಯೋ ಕೂದಲು ಕಣವ್ವ."