ಚಿನ್ನುವಿಗೆ ಟ್ಯೂಷನ್

“ಒಂದ್ರ ಮೇಲೆ ಒಂದು ಮಡಗು ಅಂತ ಎಷ್ಟ್ ಸಲ ಹೇಳ್ಲಿ ನಿಂಗೆ?”

ಚಿನ್ನು ಖಾಲಿ ಬೆಂಕಿಪೊಟ್ಟಣವನ್ನು ನೆಲದ ಮೇಲಿಟ್ಟ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಅದರ ಮೇಲೆ ಕುಳಿತುಬಿಟ್ಟ.

ಹೇಮಳಿಗೆ ಅಳು ಬರುವಂತಾಯಿತು. ಅವಳು ಐದನೇ ಕ್ಲಾಸು; ತಮ್ಮ ಚಿನ್ನುವಿಗೆ ಒಂದೂವರೆ ವರ್ಷ. ಬಿಂಡಿಗನವಿಲೆಯಲ್ಲಿ ಅವರ ಬೀದಿಯ ಅಂಗನವಾಡಿಯ ಇಂದ್ರಮ್ಮ ಮಿಸ್ಸು, ಪುಟ್ಟ ಮಕ್ಕಳು ಹೇಗೆ ಆಡುತ್ತಾರೆಂದು ಒಬ್ಬೊಬ್ಬರನ್ನೇ ಕೂರಿಸಿ ನೋಡುತ್ತಿದ್ದರು. ಪಕ್ಕದ ಮನೆ ಸಿದ್ದೇಶನ ತಂಗಿ ನಿನ್ನೆ ಮೂರು ಬ್ಲಾಕು ಜೋಡಿಸಿ ಬಂದಿದ್ದಳು. ನಾಳೆ ಚಿನ್ನುವಿನ ಸರದಿ.

“ನಿಮ್ ಚಿನ್ನು ಫೇಲು, ಬರ್ಕೊ,” ಎಂದಿದ್ದ ಸಿದ್ದೇಶ.

ಅದಕ್ಕೇ ಈ ಟ್ಯೂಷನ್. ಮೇಡಮ್ಮು ಹೇಮಳೇ; ಕೈಯಲ್ಲಿ ಸ್ಕೇಲೂ ಇತ್ತು.

“ಏಳ್ಲಾ ಮೇಲೆ,” ಎಂದು ಹೇಮ ಸ್ಕೇಲಿನಿಂದ ನೆಲಕ್ಕೆ ಬಡಿದಳು.

ಚಿನ್ನು ಬೆಚ್ಚಿದ. ಎತ್ತಿಕೊಳ್ಳಲು ಹೋದವಳ ಕೈಯನ್ನು ತಳ್ಳಿ, ತಟ್ಟಾಡುತ್ತಾ ಹೋಗಿ ಅಜ್ಜಿಯ ಬೆನ್ನ ಹಿಂದೆ ಅವಿತುಕೊಂಡ. ಹುಟ್ಟಿದಾಗಿನಿಂದ ಅವನು ಅಕ್ಕನನ್ನು ಹಾಗೆ ತಳ್ಳಿದ್ದೇ ಇಲ್ಲ.

“ಪಾಠ ಮುಗೀತೇನವ್ವ?” ಎಂದರು ಅಜ್ಜಿ ಬೆಟ್ಟಮ್ಮ. ಅವರು ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದರು. “ಬಾ, ನಾಕು ಕಾಳು ಇತುಕು. ಸಾರಿಗೆ ಹೊತ್ತಾಯ್ತು.”

ಹೇಮ ಮುಖ ಊದಿಸಿಕೊಂಡು ಕೂತಳು. ಸಿಟ್ಟಿನಲ್ಲಿ ಕಾಳನ್ನು ಜೋರಾಗಿ ಹಿತುಕಿದಳು. ಬೇಳೆ ಚಿಮ್ಮಿ ಅಜ್ಜಿಯ ಕನ್ನಡಕಕ್ಕೆ ಬಡಿಯಿತು.

ಬೆನ್ನ ಹಿಂದೆ ಕಿಸಕ್ಕನೆ ನಗು. ಅರ್ಧ ಮುಖ ಹೊರಗೆ ಬಂತು.

ಹೇಮ ಇನ್ನೊಂದು ಹಿತುಕಿದಳು, ಈ ಸಲ ಬೇಕೆಂದೇ ಗುರಿಯಿಟ್ಟು.

“ನನ್ ಕಣ್ ಕಿತ್ತಾಕ್ಬುಡ್ತೀಯ ಇವತ್ತು,” ಎಂದರು ಅಜ್ಜಿ. ಆದರೆ ಮುಖ ಆಚೆ ತಿರುಗಿಸಲಿಲ್ಲ.

ಚಿನ್ನು ಹತ್ತಿರ ಬಂದು ಕೈ ಚಾಚಿದ. ಹೇಮ ಒಂದು ಕಾಳು ಕೊಟ್ಟಳು.

“ಬಾಯಿಗ್ ಹಾಕ್ಕಂಡಾನು, ನೋಡ್ಕೊ.”

ಅವನು ಎರಡು ಬೆರಳಲ್ಲಿ ಕಾಳು ಹಿಡಿದು, ಮುಖವನ್ನೆಲ್ಲ ಹಿಂಡಿ ಅದುಮಿದ. ಪಿಚಕ್. ಬೇಳೆ ಹಾರಿತು. ಹುಡುಕಿ ತಂದು ಬಟ್ಟಲಿಗೆ ಹಾಕಿ, ಮತ್ತೆ ಕೈ ಚಾಚಿದ. ಏಳನೇ ಕಾಳಿನ ಹೊತ್ತಿಗೆ ಅವನು ಅಕ್ಕನ ತೊಡೆಯ ಮೇಲಿದ್ದ.

ಮಾರನೇ ಬೆಳಿಗ್ಗೆ ಇಂದ್ರಮ್ಮ ಮಿಸ್ಸು ಅವನ ಮುಂದೆ ಆರು ಬ್ಲಾಕು ಇಟ್ಟರು. ಚಿನ್ನು ಒಂದನ್ನು ಎತ್ತಿಕೊಂಡ. ಎರಡು ಬೆರಳಲ್ಲಿ ಹಿಡಿದು, ಶಕ್ತಿಯೆಲ್ಲ ಹಾಕಿ ಹಿತುಕಿದ. ಏನೂ ಬರಲಿಲ್ಲ. ತಿರುಗಿಸಿ ಇನ್ನೊಮ್ಮೆ ಹಿತುಕಿದ.

ಕಿಟಕಿಯಲ್ಲಿ ಸಿದ್ದೇಶ ಹಲ್ಲು ಕಿರಿಯುತ್ತಿದ್ದ.

“ಏನವ್ವ ಮಾಡ್ತಾವ್ನೆ ಇವ್ನು?” ಎಂದು ಮಿಸ್ಸು ಜೊತೆಗೆ ಬಂದಿದ್ದ ಹೇಮಳನ್ನು ಕೇಳಿದರು.

ಗದರುವ ಮಾತು ಹೇಮಳ ನಾಲಿಗೆಯ ತುದಿಗೆ ಬಂದಿತ್ತು. ಚಿನ್ನು ಅವಳನ್ನೇ ನೋಡುತ್ತಿದ್ದ.

“ಬೇಳೆ ಇತುಕ್ತಾವ್ನೆ ಮಿಸ್.”

ಅವಳು ತಮ್ಮನ ಎದುರಿಗೆ ಕುಳಿತು ತಾನೂ ಒಂದು ಬ್ಲಾಕು ತೆಗೆದುಕೊಂಡಳು. ಮುಖ ಹಿಂಡಿ ಅದುಮಿದಳು. “ನಂದೂ ಬರ್ತಿಲ್ಲ ಕಣ್ಲಾ.”

ಚಿನ್ನು ಯೋಚಿಸಿದ. ಕನಿಕರದಿಂದ ತನ್ನ ಬ್ಲಾಕನ್ನು ಅವಳ ಅಂಗೈಯಲ್ಲಿಟ್ಟ.

ಮಿಸ್ಸು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಬಗ್ಗಿ ನೋಡಲು ಹೇಮಳಿಗೆ ಪುರುಸೊತ್ತಿರಲಿಲ್ಲ. ಹಿತುಕಲು ಇನ್ನೂ ನಾಲ್ಕು ಬ್ಲಾಕು ಬಾಕಿ ಇದ್ದವು.